ಕಾಸಿಲ್ಲದೆ ಕೂರುವ ಜಾಗಕ್ಕೆ ಕುತ್ತು ಬರುವ ಮುನ್ನ

ಭಾನುವಾರದ ಕಬ್ಬನ್ ಪಾರ್ಕ್ ನೋಡಿದವರಿಗೆ ಬೆಂಗಳೂರಿನ ಸಿರಿ ಯಾವುದೆಂದು ಬೇರೆ ಹೇಳಬೇಕಿಲ್ಲ. ಅಂದು ಒಳರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಡಾಂಬರಿನ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಿರುತ್ತವೆ, ಹಿಂದೆ ಅಪ್ಪ ಕ್ಯಾರಿಯರ್ ಹಿಡಿದು ಓಡುತ್ತಿರುತ್ತಾನೆ. ಬಿದಿರು ಮೆಳೆಯ ಆಚೆ ಹಳೇ ಬೆಡ್‌ಶೀಟ್ ಹಾಸಿಕೊಂಡು ಒಂದು ಸಂಸಾರ ಕಾಲು ಚಾಚಿ ಕೂತಿರುತ್ತದೆ. ಪಿ.ಜಿ.ಯಲ್ಲಿರುವ ಹುಡುಗಿಯರು ಮರಕ್ಕೊರಗಿ ಫೋನಿನಲ್ಲಿ ಊರಿನವರೊಂದಿಗೆ ಮಾತಾಡುತ್ತಿರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಕೂತರೂ ಇವರನ್ನು ಯಾರೂ ಒಂದು ರೂಪಾಯಿ ಕೇಳುವುದಿಲ್ಲ. ಏನು ಕೊಳ್ಳುತ್ತೀರಿ, ಎಷ್ಟು ಹೊತ್ತು ಇರುತ್ತೀರಿ ಎಂದು ವಿಚಾರಿಸುವುದಿಲ್ಲ. ನಗರದಲ್ಲಿ ಇಂಥ ಜಾಗಗಳು ಎಣಿಕೆಗೆ ಸಿಗುವಷ್ಟೇ ಉಳಿದಿವೆ. ಅವುಗಳ ಮೇಲೂ ಈಗ ಕಣ್ಣು ಬಿದ್ದಿದೆ ಎಂದು ಎಚ್ಚರಿಸುವುದು ಈ ಬರಹದ ಉದ್ದೇಶ.

ಬಯಲು ಯಾರಿಗೆ ಬೇಕು ಎಂಬ ಪ್ರಶ್ನೆಯಿಂದಲೇ ಹೊರಡೋಣ. ಮನೆ ಮುಂದೆ ಅಂಗಳವಿರುವವರಿಗೆ, ಅಪಾರ್ಟ್‌ಮೆಂಟಿನೊಳಗೇ ಕ್ಲಬ್ ಹೌಸ್, ಈಜುಕೊಳ ಇರುವವರಿಗೆ ಸರ್ಕಾರಿ ಉದ್ಯಾನ ಹೆಚ್ಚುವರಿ ಸೌಕರ್ಯ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಎದ್ದ ನಾಲ್ಕು ಮಹಡಿಯ ಕಟ್ಟಡದಲ್ಲಿ ಒಂದು ರೂಮು, ಒಂದು ಅಡುಗೆಮನೆ ಬಾಡಿಗೆ ಹಿಡಿದವರಿಗೆ ಅದೇ ಹಜಾರ, ಅದೇ ಜಗಲಿ. ಮಗುವಿಗೆ ಓಡಲು, ಮುದುಕರಿಗೆ ನಾಲ್ಕು ಹೆಜ್ಜೆ ಹಾಕಲು, ದಿನವಿಡೀ ಬೇರೆಯವರ ಮನೆ ಪಾತ್ರೆ ತೊಳೆದ ಹೆಂಗಸಿಗೆ ಅರ್ಧ ಗಂಟೆ ಸುಮ್ಮನೆ ಕೂರಲು ಅವರಿಗಿರುವುದು ಅದೊಂದೇ ಜಾಗ. ನಂದಿಬೆಟ್ಟಕ್ಕೋ ರಾಮನಗರದ ಕಡೆಗೋ ಹೋಗಬೇಕೆಂದರೆ ಗಾಡಿ ಬೇಕು, ಪೆಟ್ರೋಲು ಬೇಕು, ಟ್ರಾಫಿಕ್ಕಿಗೆ ಅರ್ಧ ದಿನ ಬೇಕು. ಮಾಲ್‌ಗಳಲ್ಲಿ ಮಕ್ಕಳ ಆಟಕ್ಕೂ, ಟರ್ಫ್‌ಗಳಲ್ಲಿ ಹುಡುಗರ ಕ್ರಿಕೆಟ್ಟಿಗೂ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಬೇಕು.

ಉಚಿತ ಉದ್ಯಾನವೆಂದರೂ ಅಲ್ಲಿಗೆ ಹೋಗಿಬರುವ ಖರ್ಚು ಇದ್ದೇ ಇದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚು ತಪ್ಪಿತು. ಪೀಣ್ಯದ ಕಡೆಯ ತಾಯಿಯೊಬ್ಬಳು ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದೊಯ್ಯುವುದು ಈಗ ಸುಲಭವಾಗಿದೆ. ಮೆಟ್ರೋದಲ್ಲಿ ಇದಕ್ಕೆ ತಿರುಗುಮುರುಗು ಆಗಿದೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ಪ್ರಯಾಣ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಕಬ್ಬನ್ ಪಾರ್ಕಿಗೂ ಲಾಲ್‌ಬಾಗ್‌ಗೂ ಅವುಗಳ ಹೆಸರಿನದೇ ನಿಲ್ದಾಣಗಳಿವೆ. ಆದರೆ ನಗರದ ತುದಿಯಿಂದ ನಾಲ್ಕು ಜನರ ಸಂಸಾರ ಹೋಗಿಬರುವ ಲೆಕ್ಕ ಹಾಕಿದರೆ ಭಾನುವಾರದ ತಿರುಗಾಟ ದುಬಾರಿಯೇ. ಹೀಗಿರುವಾಗ ನಡೆದು ಹೋಗುವಷ್ಟು ಹತ್ತಿರದ ಬಡಾವಣೆಯ ಪಾರ್ಕು, ಕೆರೆ ಏರಿ, ಆಟದ ಮೈದಾನಗಳ ಬೆಲೆ ಇನ್ನೂ ಹೆಚ್ಚು. ಅಪಾಯದ ಮೊದಲ ಲಕ್ಷಣಗಳು ಕಾಣುವುದೂ ಅಲ್ಲಿಯೇ.

ಮೊದಲ ಲಕ್ಷಣ ಬೀಗ. ನಗರದಲ್ಲಿ ಪಾಲಿಕೆ ನೋಡಿಕೊಳ್ಳುವ ಉದ್ಯಾನಗಳು ಸಾವಿರಕ್ಕೂ ಹೆಚ್ಚಿವೆ. ಬಹುಕಾಲ ಇವುಗಳ ಗೇಟು ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಮಧ್ಯಾಹ್ನದ ಮೇಲೆ ತೆರೆಯುತ್ತಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ಆದೇಶ ಬಂತು. ಒಳ್ಳೆಯ ಆದೇಶವೇ. ಆದರೂ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬಡಾವಣೆಗಳನ್ನು ಸುತ್ತಿ ನೋಡಿ. ಒಳಗೆ ಹೊಂಗೆ ಮರದ ನೆರಳು, ಖಾಲಿ ಕಲ್ಲುಬೆಂಚು. ಗೇಟಿಗೆ ಸರಪಳಿ ಸುತ್ತಿ ಬೀಗ. ಹೊರಗೆ ಫುಟ್‌ಪಾತಿನ ಚಪ್ಪಡಿಯ ಮೇಲೆ ಆರ್ಡರಿಗಾಗಿ ಕಾಯುವ ಡೆಲಿವರಿ ಹುಡುಗರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟು ಬಿಸಿಲಿಗೆ ಕೂತಿರುತ್ತಾರೆ. ಪಕ್ಕದಲ್ಲೇ ಬುತ್ತಿ ಬಿಚ್ಚಿದ ಪೌರಕಾರ್ಮಿಕರು. ನೆರಳು ಹತ್ತು ಅಡಿ ದೂರದಲ್ಲಿದೆ, ಅದು ಅವರಿಗಿಲ್ಲ. ‘ಕಂಡಕಂಡವರು ಬರುತ್ತಾರೆ’ ಎಂಬ ನೆರೆಹೊರೆಯ ದೂರು ಹಲವು ಕಡೆ ಈ ಬೀಗದ ಹಿಂದಿರುತ್ತದೆ. ಸಾರ್ವಜನಿಕ ಉದ್ಯಾನ ಇರುವುದು ಆ ಕಂಡಕಂಡವರಿಗಾಗಿಯೇ ಎಂಬುದನ್ನು ಗಟ್ಟಿಯಾಗಿ ಹೇಳಬೇಕಾದ ಕಾಲ ಬಂದಿದೆ.

ಗೇಟಿನ ಪಕ್ಕದ ಬೋರ್ಡು ಎರಡನೆಯ ಲಕ್ಷಣ. ಚೆಂಡಾಟ ಆಡಬಾರದು, ಸೈಕಲ್ ತರಬಾರದು, ಹುಲ್ಲಿನ ಮೇಲೆ ಕೂರಬಾರದು, ಗುಂಪು ಸೇರಬಾರದು. ಓದಿದವರಿಗೆ ಅಲ್ಲಿ ಉಳಿಯುವುದು ವಾಕಿಂಗ್ ಒಂದೇ. ಹೀಗೆ ನಿಯಮ ಬಿಗಿಯಾಗುತ್ತಾ ಹೋದಂತೆ ಉದ್ಯಾನ ಒಂದು ವಯಸ್ಸಿನವರ, ಒಂದು ವರ್ಗದವರ ಸ್ವತ್ತಾಗುತ್ತದೆ. ಹತ್ತು ವರ್ಷದ ಹುಡುಗನಿಗೆ ಪಾರ್ಕಿನಲ್ಲಿ ಜಾಗ ಸಿಗದಿದ್ದರೆ ಅವನು ರಸ್ತೆಯಲ್ಲಿ ಆಡುತ್ತಾನೆ. ರಸ್ತೆಯಲ್ಲಿ ಕಾರು ನಿಂತಿದ್ದರೆ ಮೊಬೈಲ್ ಹಿಡಿಯುತ್ತಾನೆ. ಮುಂದೆ ಆ ಪಾರ್ಕಿಗೆ ಕುತ್ತು ಬಂದಾಗ ದನಿಯೆತ್ತುವವರ ಸಂಖ್ಯೆಯೂ ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ.

ಮೂರನೆಯದು ‘ಅಭಿವೃದ್ಧಿ’ಯ ಕಾಮಗಾರಿ. ಇದ್ದ ಮಣ್ಣಿನ ಹಾದಿ ಕಿತ್ತು ಇಂಟರ್‌ಲಾಕ್ ಟೈಲ್ಸ್, ಮರದ ಬುಡದವರೆಗೂ ಸಿಮೆಂಟು, ಮಧ್ಯೆ ಒಂದು ಕಾರಂಜಿ, ಮುಂದೆ ಉದ್ಘಾಟನೆಯ ಕಲ್ಲು. ಕಾರಂಜಿ ಕೆಲವೇ ತಿಂಗಳಲ್ಲಿ ಕೆಟ್ಟು ನಿಲ್ಲುತ್ತದೆ. ಕಟ್ಟಿದ ಸಿಮೆಂಟು ಹಾಗೇ ಉಳಿಯುತ್ತದೆ. ಬುಡಕ್ಕೆ ನೀರು, ಗಾಳಿ ಸಿಗದ ಮರ ಬೇರು ಸೊರಗಿ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಬುಡಸಮೇತ ಉರುಳುತ್ತದೆ. ಮಳೆನೀರು ಇಂಗಲು ಉಳಿದಿದ್ದ ನಾಲ್ಕು ಗುಂಟೆ ಮಣ್ಣೂ ಹೋಗುತ್ತದೆ. ಉದ್ಯಾನಕ್ಕೆ ಬೇಕಿರುವುದು ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ, ದೀಪ, ಗಿಡಕ್ಕೆ ನೀರು ಹಾಕಲು ಖಾಯಂ ಮಾಲಿ. ಟೆಂಡರಿನಲ್ಲಿ ಇವುಗಳಿಗೆ ಕೊನೆಯ ಸಾಲು.

ನಾಲ್ಕನೆಯದು ಟಿಕೆಟ್ ಮತ್ತು ಗುತ್ತಿಗೆ. ಲಾಲ್‌ಬಾಗ್‌ನಲ್ಲಿ ಬೆಳಗಿನ ವಾಕಿಂಗ್ ಹೊತ್ತು ಉಚಿತ, ಆಮೇಲೆ ಟಿಕೆಟ್. ನಸುಕಿನಲ್ಲೇ ಕೆಲಸಕ್ಕೆ ಹೊರಡುವವರಿಗೆ ಬಿಡುವು ಸಿಗುವುದು ಮಧ್ಯಾಹ್ನ, ಟಿಕೆಟ್ ಕೊಳ್ಳಬೇಕಾದ ಹೊತ್ತಿನಲ್ಲಿ. ಕೆರೆಗಳಲ್ಲಿ ಈ ದಾರಿ ಎಲ್ಲಿಗೆ ಮುಟ್ಟುತ್ತದೆಂದು ಬೆಂಗಳೂರು ಆಗಲೇ ನೋಡಿದೆ. 2000ದ ದಶಕದಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ನಾಗವಾರ ಕೆರೆಯ ದಂಡೆ ಲುಂಬಿನಿ ಗಾರ್ಡನ್ಸ್ ಎಂಬ ಹೆಸರಿನಲ್ಲಿ ದುಡ್ಡು ಕೊಟ್ಟು ಒಳಹೋಗುವ ಜಾಗವಾಯಿತು. ದನ ಮೈತೊಳೆಯುತ್ತಿದ್ದ, ಮೀನು ಹಿಡಿಯುತ್ತಿದ್ದ ಊರಿನವರು ತಮ್ಮ ಕೆರೆಗೇ ಹೊರಗಿನವರಾದರು. ಇದರ ವಿರುದ್ಧ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದ ಸಮಿತಿ ರಚನೆಯಾಯಿತು. 2012ರಲ್ಲಿ ಬಂದ ತೀರ್ಪು ಕೆರೆಗಳ ಖಾಸಗೀಕರಣಕ್ಕೆ ಕಡಿವಾಣ ಹಾಕಿತು.

ಐದನೆಯದು ಎಲ್ಲಕ್ಕಿಂತ ಮೋಸದ್ದು: ಅಂಚು ಕತ್ತರಿಸುವುದು. ಇಡೀ ಉದ್ಯಾನವನ್ನು ಕೊಡಿ ಎಂದು ಯಾರೂ ಕೇಳುವುದಿಲ್ಲ. ರಸ್ತೆಗೆ ಒಂದು ಪಟ್ಟಿ, ಮೇಲ್ಸೇತುವೆಗೆ ಒಂದು ಮೂಲೆ, ಕಚೇರಿಗೆ ಒಂದು ತುಂಡು ಎಂದು ಕೇಳುತ್ತಾರೆ. ಮೆಟ್ರೋದ ಮೊದಲ ಹಂತದಲ್ಲಿ ಜಯನಗರದ ನಂದಾ ರಸ್ತೆಯ ಹಸಿರು ಪಟ್ಟಿಗೆ ಹೀಗೇ ಏಟು ಬಿತ್ತು; 2009ರಲ್ಲಿ ಜನ ಬೀದಿಗಿಳಿದರೂ ಮರ ಉಳಿಯಲಿಲ್ಲ. 2025ರಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗ್‌ನ ಜಾಗವೂ ಸೇರಿದೆ ಎಂಬುದು ಹೊರಬಿತ್ತು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ ಅದು. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಡೆದಾಡುವವರು, ವಿಜ್ಞಾನಿಗಳು, ಅಕ್ಕಪಕ್ಕದ ನಿವಾಸಿಗಳು ಒಟ್ಟಾಗಿ ಎದ್ದುನಿಂತ ಮೇಲೆ ಲಾಲ್‌ಬಾಗ್‌ಗೆ ಧಕ್ಕೆ ಮಾಡುವುದಿಲ್ಲ ಎಂದು ಸರ್ಕಾರ ಹೇಳಬೇಕಾಯಿತು. ಕೇಳದೆ ಇದ್ದಿದ್ದರೆ ಆ ಮಾತು ಬರುತ್ತಿತ್ತೇ?

ಕೆರೆಗಳ ವಿಷಯದಲ್ಲೂ ಕೈ ಹಾಕಿರುವುದು ಅಂಚಿಗೇ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಬಿಡಬೇಕೆಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು, ಮೊದಲಿನ 30 ಮೀಟರ್ ಉಳಿಯಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಕೆರೆ ಸಂರಕ್ಷಣಾ ತಿದ್ದುಪಡಿ ಮಸೂದೆ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂಚನ್ನು ಕಿರಿದು ಮಾಡಲು ಹೊರಟಿತು. ಪೆಟ್ಟು ಬೀಳುವುದು ಚಿಕ್ಕ ಕೆರೆಗಳಿಗೆ. ಬಡಾವಣೆಗಳ ಮಧ್ಯೆ ಉಳಿದಿರುವುದು ಇಂಥ ಚಿಕ್ಕ ಕೆರೆಗಳೇ, ಜನ ನಡೆದಾಡುವ ಹಾದಿ ಇರುವುದೂ ಆ ಅಂಚಿನಲ್ಲೇ. ಅಂಚು ಹೋದರೆ ಕೆರೆ ಕಾಗದದಲ್ಲಿ ಉಳಿದೀತು, ಅದರ ಪಕ್ಕ ಕೂರುವವರಿಗೆ ಜಾಗ ಉಳಿಯದು.

ಹಾಗೆಲ್ಲ ಆಗಲಾರದು ಎನ್ನುವವರು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವಾಗ ಒಮ್ಮೆ ನೆನೆಯಬೇಕು. ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಪ್ರತಿಯೊಂದಕ್ಕೂ ಆಯಾ ಕಾಲದಲ್ಲಿ ಸಾರ್ವಜನಿಕ ಹಿತದ ಕಾರಣವೇ ಇತ್ತು. ಬಸ್ ನಿಲ್ದಾಣ ಬೇಕಿತ್ತು, ಕ್ರೀಡಾಂಗಣವೂ ಬೇಕಿತ್ತು. ಆದರೆ ಬೇಕಾದಾಗಲೆಲ್ಲ ಕೈಗೆ ಸಿಕ್ಕಿದ್ದು ಬಯಲು, ಏಕೆಂದರೆ ಅದರ ಪರವಾಗಿ ಮಾತಾಡಲು ಆಗ ಯಾರೂ ಇರಲಿಲ್ಲ.

ಮಾತಾಡಿದಾಗ ಏನಾಗುತ್ತದೆ ಎಂಬುದಕ್ಕೂ ಇದೇ ಊರಿನಲ್ಲಿ ಸಾಕ್ಷಿಗಳಿವೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದು ಹೆಸರಾದ ಅದರಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನಿವಾಸಿಗಳ ಪರ ನಿಂತಿತು. ಪಾರ್ಕಿನ ಜಾಗವನ್ನು ಆಡಳಿತಗಾರರ ಇಚ್ಛೆಯಂತೆ ಬೇರೆಯದಕ್ಕೆ ತಿರುಗಿಸುವಂತಿಲ್ಲ ಎಂಬುದಕ್ಕೆ ದೇಶದೆಲ್ಲೆಡೆ ಇಂದಿಗೂ ಆಧಾರವಾಗಿರುವ ತೀರ್ಪು ಅದು. 2016ರಲ್ಲಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂದು ಚಾಲುಕ್ಯ ವೃತ್ತದ ಬಳಿ ಜನ ಸರಪಳಿಯಾಗಿ ನಿಂತರು; ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. 2021ರಲ್ಲಿ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾಪವೂ ಜನರ ವಿರೋಧದಿಂದ ನಿಂತಿತು. ಈ ಮೂರರಲ್ಲೂ ಒಂದು ಸಮಾನ ಅಂಶವಿದೆ. ಕಟ್ಟಡ ಏಳುವ ಮೊದಲೇ ಜನ ಎದ್ದರು. ಮರ ಬಿದ್ದ ಮೇಲೆ, ಪಾಯ ತೆಗೆದ ಮೇಲೆ ‘ಇಷ್ಟು ಖರ್ಚಾಗಿದೆ’ ಎಂಬ ವಾದದ ಮುಂದೆ ಯಾರ ಮಾತೂ ನಡೆಯುವುದಿಲ್ಲ.

ಎಚ್ಚರಿಕೆಗೆ ಈ ಹೊತ್ತನ್ನೇ ಆರಿಸಿಕೊಳ್ಳಲು ಕಾರಣವಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳು ಬಂದವು. ಐದಕ್ಕೂ ಪ್ರತ್ಯೇಕ ಬಜೆಟ್. ಆದಾಯ ಸಾಲದ ಪಾಲಿಕೆ ಮೊದಲು ನೋಡುವುದು ತನ್ನ ಕೈಯಲ್ಲಿರುವ ಜಾಗವನ್ನು. ಪಾರ್ಕಿಗೆ ಪ್ರವೇಶ ಶುಲ್ಕ, ಮೈದಾನಕ್ಕೆ ಗಂಟೆ ಬಾಡಿಗೆ, ಕೆರೆ ದಂಡೆಯಲ್ಲಿ ಫುಡ್ ಕೋರ್ಟ್ ಎಂಬ ಕಡತಗಳು ಮೇಜಿಗೆ ಬರಲು ಹೆಚ್ಚು ಕಾಲ ಬೇಕಾಗದು. ಒಂದು ಪಾಲಿಕೆ ಶುರು ಮಾಡಿದರೆ ಉಳಿದ ನಾಲ್ಕಕ್ಕೆ ಅದೇ ಮಾದರಿಯಾಗುತ್ತದೆ. ನಿರ್ವಹಣೆಗೆ ದುಡ್ಡು ಬೇಕು ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆ ದುಡ್ಡನ್ನು ಆಸ್ತಿ ತೆರಿಗೆಯಲ್ಲಿ ಈಗಾಗಲೇ ಕಟ್ಟಿದ್ದೇವೆ. ಬಾಡಿಗೆದಾರನೂ ಬಾಡಿಗೆಯ ಮೂಲಕ ಕಟ್ಟಿದ್ದಾನೆ. ಗೇಟಿನಲ್ಲಿ ಮತ್ತೆ ಕೇಳುವ ಹತ್ತು ರೂಪಾಯಿಯಿಂದ ಪಾಲಿಕೆಯ ಬೊಕ್ಕಸ ತುಂಬುವುದಿಲ್ಲ, ಐದು ಜನರ ಬಡ ಸಂಸಾರ ಮಾತ್ರ ವಾಪಸ್ ಹೋಗುತ್ತದೆ.

ಆದ್ದರಿಂದ ಐದೂ ಪಾಲಿಕೆಗಳು ಈಗಲೇ ಕೆಲವನ್ನು ನಿಯಮವಾಗಿ ಒಪ್ಪಬೇಕು. ಬಡಾವಣೆಯ ಉದ್ಯಾನಗಳಿಗೂ ಕೆರೆ ದಂಡೆಗಳಿಗೂ ಯಾವ ಕಾಲಕ್ಕೂ ಪ್ರವೇಶ ಶುಲ್ಕವಿಲ್ಲ. ಮಧ್ಯಾಹ್ನವೂ ಗೇಟು ತೆರೆದಿರಬೇಕು, ಬೀಗದ ಕೈ ಯಾವ ಸಂಘದ ಬಳಿಯೂ ಇರಬಾರದು. ಪ್ರತಿ ಪಾರ್ಕಿನಲ್ಲೂ ಮಕ್ಕಳು ಚೆಂಡಾಡಲು ಒಂದು ಭಾಗ ಮೀಸಲಿರಬೇಕು. ಸಿಮೆಂಟ್ ಕಾಮಗಾರಿಯ ನಕ್ಷೆಯನ್ನು ಟೆಂಡರಿಗೆ ಮುಂಚೆ ಆ ಪಾರ್ಕಿನ ಗೇಟಿನಲ್ಲೇ ಕನ್ನಡದಲ್ಲಿ ಅಂಟಿಸಬೇಕು. ಉದ್ಯಾನದ, ಮೈದಾನದ, ಕೆರೆಯ ಒಂದು ಗುಂಟೆ ಬಿಟ್ಟುಕೊಡುವ ಪ್ರಸ್ತಾಪವಿದ್ದರೂ ವಾರ್ಡ್ ಸಮಿತಿಯ ಬಹಿರಂಗ ಸಭೆ ಆಗದೆ ಕಡತ ಮುಂದೆ ಹೋಗಬಾರದು. 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ, 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ನಮ್ಮಲ್ಲಿವೆ. ಅವುಗಳ ಹಲ್ಲು ಕೀಳುವ ಯಾವ ತಿದ್ದುಪಡಿಯನ್ನೂ ವಿರೋಧ ಪಕ್ಷ, ಆಡಳಿತ ಪಕ್ಷ ಎನ್ನದೆ ನಗರದ ಶಾಸಕರೆಲ್ಲರೂ ಎದುರಿಸಬೇಕು.

ನಾಗರಿಕರ ಪಾಲಿನ ಕೆಲಸವೂ ಇದೆ, ಅದಕ್ಕೆ ಖರ್ಚಿಲ್ಲ. ನಿಮ್ಮ ಬೀದಿಯ ಪಾರ್ಕಿನ ಸರ್ವೆ ನಂಬರು, ವಿಸ್ತೀರ್ಣ ತಿಳಿದುಕೊಳ್ಳಿ. ಮಾಹಿತಿ ಹಕ್ಕಿನಡಿ ಕೇಳಿದರೆ ಸಿಗುತ್ತದೆ. ಗಡಿ ಕಲ್ಲುಗಳ ಫೋಟೊ ತೆಗೆದಿಡಿ. ಆಕ್ಷೇಪಣೆಗೆ ಕರೆದ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದಾಗ ಗಡುವಿನೊಳಗೆ ಒಂದು ಪುಟ ಬರೆದು ಕಳಿಸಿ, ಸ್ವೀಕೃತಿ ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಜಾಗಗಳನ್ನು ಬಳಸಿ. ಹುಟ್ಟುಹಬ್ಬವನ್ನು ಮಾಲಿನಲ್ಲಿ ಮಾಡುವ ಬದಲು ಮೈದಾನದಲ್ಲಿ ಮಾಡಿ. ಊರಿಂದ ಬಂದ ಅತ್ತೆ-ಮಾವನನ್ನು ಸಂಜೆ ಕೆರೆ ಏರಿಯ ಮೇಲೆ ಕರೆದೊಯ್ಯಿರಿ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಮೌನವಾಗಿ ಪುಸ್ತಕ ಓದುವ ಕಬ್ಬನ್ ರೀಡ್ಸ್ ಗುಂಪಿನಂತೆ ನಿಮ್ಮ ಬಡಾವಣೆಯ ಪಾರ್ಕಿನಲ್ಲೂ ಕನ್ನಡ ಪುಸ್ತಕ ಹಿಡಿದು ಕೂತುಕೊಳ್ಳಿ. ಖಾಲಿ ಬಿದ್ದ ಜಾಗವನ್ನು ಕೇಳಲು ಯಾರಿಗೂ ಸಂಕೋಚವಾಗುವುದಿಲ್ಲ. ಜನ ತುಂಬಿದ ಜಾಗವನ್ನು ಕೇಳಲು ಎದೆಗಾರಿಕೆ ಬೇಕಾಗುತ್ತದೆ.

ಇವತ್ತು ಯಾವ ಬುಲ್ಡೋಜರೂ ಬಂದಿಲ್ಲ. ಬಂದಿರುವುದು ಬೀಗ, ಬೋರ್ಡು, ಟೆಂಡರು, ಮಸೂದೆ ಮಾತ್ರ. ತಡೆಯಲು ಸಾಧ್ಯವಿರುವುದು ಈ ಹಂತದಲ್ಲಿಯೇ. ನಿಮ್ಮ ಪಾರ್ಕಿನ ಗೇಟು ನಾಳೆ ಮಧ್ಯಾಹ್ನ ಮುಚ್ಚಿದ್ದರೆ, ಯಾರ ಆದೇಶದ ಮೇಲೆ ಎಂದು ಪಾಲಿಕೆಗೆ ಲಿಖಿತವಾಗಿ ಕೇಳಿ.