ಕಟಕಟೆಯಲ್ಲಿ ದಮನಕ

ಮಕ್ಕಳ ಕಥೆಯ ಕೊನೆಗೆ ಒಂದು ಸಾಲಿನ ನೀತಿಯನ್ನು ಬರೆಯಿಸಿ ಪಾಠ ಮುಗಿಸುವುದು ಕನ್ನಡ ತರಗತಿಗಳ ಹಳೆಯ ರೂಢಿ. ಇದಕ್ಕೆ ಬದಲಾಗಿ ಪಾತ್ರವೊಂದನ್ನು ಕಟಕಟೆಯಲ್ಲಿ ನಿಲ್ಲಿಸಿ, ವಿದ್ಯಾರ್ಥಿಗಳನ್ನೇ ವಕೀಲರು, ಸಾಕ್ಷಿಗಳು, ನ್ಯಾಯಾಧೀಶರನ್ನಾಗಿಸುವ ಅಣಕು ವಿಚಾರಣೆ ಅಮೆರಿಕದ ಶಾಲೆಗಳಲ್ಲಿ ಬಳಕೆಯಲ್ಲಿದೆ. ಹಂದಿಮರಿಗಳ ಮನೆ ಕೆಡವಿದ ತೋಳ, ಕರಡಿಗಳ ಮನೆ ಹೊಕ್ಕ ಹುಡುಗಿ ಅಲ್ಲಿನ ಪರಿಚಿತ ಆರೋಪಿಗಳು. ಇದನ್ನು ಹುಡುಗಾಟವೆಂದು ಕಡೆಗಣಿಸುವುದು ಸರಿಯಲ್ಲ. ಭಾರತೀಯ ಕಥೆಯೊಂದರ ಪಯಣದಲ್ಲೇ ಇಂತಹ ವಿಚಾರಣೆ ನಡೆದಿದೆ.

ಪಂಚತಂತ್ರದ ಮೊದಲ ತಂತ್ರದಲ್ಲಿ ದಮನಕನೆಂಬ ನರಿ ಚಾಡಿ ಹೇಳಿ, ಸಿಂಹ ಪಿಂಗಳಕನಿಗೂ ಎತ್ತು ಸಂಜೀವಕನಿಗೂ ಇದ್ದ ಸ್ನೇಹವನ್ನು ಒಡೆಯುತ್ತದೆ. ಸಿಂಹ ಎತ್ತನ್ನು ಕೊಲ್ಲುತ್ತದೆ; ನರಿಗೆ ಶಿಕ್ಷೆಯಾಗುವುದಿಲ್ಲ. ಈ ಕಥೆ ಪಹ್ಲವಿ ಭಾಷೆಯ ಮೂಲಕ ಅರಬ್ಬಿಯನ್ನು ಸೇರಿ ‘ಕಲೀಲ ಮತ್ತು ದಿಮ್ನ’ ಆಯಿತು. 8ನೆಯ ಶತಮಾನದ ಇಬ್ನ್ ಅಲ್ ಮುಕಫ್ಫನ ಆ ಕೃತಿಯಲ್ಲಿ ಸಂಸ್ಕೃತದಲ್ಲಿಲ್ಲದ ಅಧ್ಯಾಯವೊಂದಿದೆ: ಅದು ನರಿಯ ವಿಚಾರಣೆ. ಅಲ್ಲಿ ನರಿ ತನ್ನ ಪರವಾಗಿ ತಾನೇ ವಾದಿಸುತ್ತದೆ. ಅದರ ವಾಕ್ಚಾತುರ್ಯದ ಮುಂದೆ ಸಭೆ ತಬ್ಬಿಬ್ಬಾಗುತ್ತದೆ. ಎಲ್ಲರಿಗೂ ಅನುಮಾನವಿದ್ದರೂ ಪುರಾವೆಯಿಲ್ಲ. ಕಡೆಗೆ ಎರಡು ಮೃಗಗಳ ಸಾಕ್ಷ್ಯ ಒಂದಕ್ಕೊಂದು ಕೂಡಿದಾಗಲೇ ಅಪರಾಧ ಸಾಬೀತಾಗುತ್ತದೆ. ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂಬ ಪ್ರಶ್ನೆಗೆ, ಒಬ್ಬನ ಸಾಕ್ಷ್ಯ ತೀರ್ಪಿಗೆ ಸಾಲದೆಂದು ತಿಳಿದಿತ್ತು ಎಂಬ ಉತ್ತರ ಬರುತ್ತದೆ.

ಅಣಕು ವಿಚಾರಣೆಗೆ ಎದುರಾಗುವ ಬಲವಾದ ಆಕ್ಷೇಪಕ್ಕೆ ಉತ್ತರವೂ ಈ ಅಧ್ಯಾಯದಲ್ಲಿದೆ. ಇಂತಹ ಆಟದಲ್ಲಿ ಮಾತುಗಾರ ಮಗುವೇ ಗೆಲ್ಲುತ್ತದೆ, ಸತ್ಯ ಹಿಂದೆ ಸರಿಯುತ್ತದೆ ಎಂಬ ಆತಂಕ ನಿಜವಾದದ್ದೇ. ಆದುದರಿಂದ ಮೆಚ್ಚುಗೆ ವಕೀಲನ ವಾಗ್ಝರಿಗೆ ಸಲ್ಲಬಾರದು. ಕಥೆಯ ಯಾವ ಮಾತು ತನ್ನ ಹೇಳಿಕೆಗೆ ಆಧಾರವೆಂದು ತೋರಿಸುವ ಸಾಕ್ಷಿಗೂ, ಕಾರಣ ಸಹಿತ ತೀರ್ಪು ಬರೆಯುವ ನ್ಯಾಯಾಧೀಶನಿಗೂ ಸಲ್ಲಬೇಕು. ಸಾಕ್ಷಿಯೂ ಪರೀಕ್ಷೆಗೆ ಹೊರತಲ್ಲ. ಧರ್ಮಬುದ್ಧಿ ದುಷ್ಟಬುದ್ಧಿಯರ ಕಥೆಯಲ್ಲಿ ಮರವೇ ಸಾಕ್ಷಿ ನುಡಿಯುತ್ತದೆ. ಪೊಟರೆಗೆ ಬೆಂಕಿಯಿಟ್ಟಾಗ ಒಳಗಿನಿಂದ ಹೊರಬರುವವನು ದುಷ್ಟಬುದ್ಧಿಯ ತಂದೆ. ಕೇಳಿದ ಮಾತನ್ನೆಲ್ಲ ನಂಬಿ ಕ್ಷಣದಲ್ಲಿ ತೀರ್ಪು ಕೊಡುವ ಈ ಕಾಲದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಎಲ್ಲ ಕಥೆಗಳೂ ಈ ಕಟ್ಟಳೆಗೆ ಒಗ್ಗುವುದಿಲ್ಲ ಎಂಬುದೂ ನೆನಪಿರಬೇಕು. ಗೋವಿನ ಹಾಡಿನ ಹುಲಿಯ ಮೇಲೆ ಯಾವ ಆರೋಪ ಹೊರಿಸುವುದು? ಹಸಿವು ಅಪರಾಧವಲ್ಲ. ಪುಣ್ಯಕೋಟಿ ಕೊಟ್ಟ ಮಾತಿನಂತೆ ಮರಳಿ ಬಂದಾಗ ಅದು ತನಗೆ ತಾನೇ ತೀರ್ಪು ವಿಧಿಸಿಕೊಂಡು ಪ್ರಾಣ ಬಿಡುತ್ತದೆ. ಅಲ್ಲಿ ವಕೀಲನಿಗೆ ಕೆಲಸವಿಲ್ಲ. ಆ ಮೌನವನ್ನು ಗುರುತಿಸಿ ವಿಚಾರಣೆಯನ್ನು ನಿಲ್ಲಿಸಬಲ್ಲ ಅಧ್ಯಾಪಕನ ಕೈಯಲ್ಲಿ ಮಾತ್ರ ಈ ವಿಧಾನ ಸಾರ್ಥಕವಾದೀತು.