ಖಾಲಿ ಬಿಟ್ಟದ್ದೂ ಒಂದು ಉತ್ತರ

ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಅಭ್ಯಾಸ ಬೇರೂರಿದೆ. ಮಾಹಿತಿ ಇಲ್ಲದ ಕಡೆ ಚುಕ್ಕೆಯನ್ನೋ ಅಡ್ಡಗೆರೆಯನ್ನೋ ಹಾಕು, ಖಾಲಿ ಬಿಟ್ಟರೆ ಪ್ರೋಗ್ರಾಂ ಕೆಡುತ್ತದೆ ಎಂದು ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಡುತ್ತಾರೆ. ಇದು ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ನೀವೇ ನೋಡಿ. ಕಮಾಂಡ್ ಸಾಲಿನಿಂದ ತನಗೆ ಬಂದ ಆರ್ಗ್ಯುಮೆಂಟ್‌ಗಳನ್ನು ಮುದ್ರಿಸುವ ಎರಡು ಸಾಲಿನ ಪೈಥಾನ್ ಪ್ರೋಗ್ರಾಂ ಬರೆಯಿರಿ. ಅದಕ್ಕೆ ಹೆಸರು, ಇನಿಷಿಯಲ್, ಊರು ಕೊಡಿ: "ರಜಿಯಾ" "" "ತುಮಕೂರು". ರಜಿಯಾಗೆ ಇನಿಷಿಯಲ್ ಇಲ್ಲ, ಹಾಗಾಗಿ ನಡುವೆ ಖಾಲಿ ಸ್ಟ್ರಿಂಗ್. ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಓಡಿಸಿದರೆ ಮೂರೂ ತಲುಪುತ್ತವೆ. ವಿಂಡೋಸ್ ಪವರ್‌ಶೆಲ್ 5.1ರಲ್ಲಿ ಎರಡೇ. ಪ್ರೋಗ್ರಾಂ ತುಮಕೂರನ್ನೇ ಇನಿಷಿಯಲ್ ಎಂದುಕೊಳ್ಳುತ್ತದೆ!

ತಪ್ಪು ರಜಿಯಾಳದ್ದಲ್ಲ, ಪೈಥಾನ್‌ನದ್ದೂ ಅಲ್ಲ. ಲಿನಕ್ಸ್‌ನಲ್ಲಿ ಶೆಲ್ ಇನ್ನೊಂದು ಪ್ರೋಗ್ರಾಂಗೆ ಆರ್ಗ್ಯುಮೆಂಟ್‌ಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿ ಕೊಡುತ್ತದೆ. ವಿಂಡೋಸ್‌ನಲ್ಲಿ ಎಲ್ಲವನ್ನೂ ಒಂದೇ ಉದ್ದ ಸಾಲಾಗಿ ಜೋಡಿಸಿ ಕೊಡಬೇಕು, ಬಿಡಿಸಿಕೊಳ್ಳುವುದು ಆ ಪ್ರೋಗ್ರಾಂನ ಕೆಲಸ. ಹಾಗೆ ಜೋಡಿಸುವಾಗ 5.1 ನಾವು ಹಾಕಿದ ಉದ್ಧರಣ ಚಿಹ್ನೆಗಳನ್ನು ತೆಗೆದುಬಿಡುತ್ತದೆ, ಒಳಗೆ ಸ್ಪೇಸ್ ಇದ್ದರೆ ಮಾತ್ರ ಮತ್ತೆ ಹಾಕುತ್ತದೆ. ಖಾಲಿ ಸ್ಟ್ರಿಂಗ್‌ನಿಂದ ಚಿಹ್ನೆ ತೆಗೆದರೆ ಉಳಿಯುವುದೇನು? ಲಿನಕ್ಸ್‌ನವರೂ ಬೀಗಬೇಕಿಲ್ಲ. ಬ್ಯಾಷ್‌ನಲ್ಲಿ ಖಾಲಿ ವೇರಿಯೇಬಲ್ಲನ್ನು ಚಿಹ್ನೆಯಿಲ್ಲದೆ ಬರೆದರೆ ಅದೂ ಮಾಯ.

5.1ರಲ್ಲಿ '""' ಎಂದು ಒಂಟಿ ಚಿಹ್ನೆಯೊಳಗೆ ಜೋಡಿ ಚಿಹ್ನೆ ಇಟ್ಟು ಬರೆದರೆ ಖಾಲಿ ಸ್ಟ್ರಿಂಗ್ ತಲುಪುತ್ತದೆ. ಆದರೆ 2022ರಲ್ಲಿ ಬಂದ 7.3 ಈ ದೋಷವನ್ನು ಸರಿಪಡಿಸಿದೆ. ಅಲ್ಲಿ ಇದೇ ಉಪಾಯ ಮಾಡಿದರೆ ಚಿಹ್ನೆಗಳೇ ಅಕ್ಷರಗಳಾಗಿ ಹೋಗುತ್ತವೆ. ಯಾವ ಆವೃತ್ತಿ ಎಂದು ನೋಡದೆ ಕಾಪಿ ಹೊಡೆಯುವವರು ಗಮನಿಸಿ.

ಚುಕ್ಕೆ ಹಾಕಿದರೆ ಕೆಲಸ ನಡೆಯುತ್ತದಲ್ಲ ಎನ್ನುವವರಿದ್ದಾರೆ. ನಡೆಯುತ್ತದೆ, ಆದರೆ ಆ ಚುಕ್ಕೆ ಹೆಸರಿಗೇ ಅಂಟಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಒಂದೇ ಹೆಸರಿನವರು ಎಷ್ಟು ಜನರಿಲ್ಲ? ನನ್ನ ಅಮ್ಮಿಗೂ ಒಂದೇ ಹೆಸರು. ಒಂದು ಕಾರ್ಡಿನಲ್ಲಿ ಅವರ ಹೆಸರಿನ ಮುಂದೆ ಚುಕ್ಕೆ ಇದೆ, ಇನ್ನೊಂದರಲ್ಲಿಲ್ಲ. ಎರಡೂ ಒಬ್ಬರವೇ ಎಂದು ಸಾಬೀತು ಮಾಡಲು ಅವರು ಕಚೇರಿಗೆ ಮೂರು ಸಲ ಅಲೆದರು. ಆ ಚುಕ್ಕೆ ಯಾವ ಪ್ರೋಗ್ರಾಂನಿಂದ ಬಂತೋ ಗೊತ್ತಿಲ್ಲ. ಆದರೆ ನಾಳೆ ಅಂಥ ಪ್ರೋಗ್ರಾಂ ಬರೆಯುವವರು ಇಂದು ಇಂಥ ಲ್ಯಾಬುಗಳಲ್ಲೇ ಕೂತಿದ್ದಾರೆ.

ಪವರ್‌ಶೆಲ್‌ನ ಹೊಸ ಆವೃತ್ತಿ ಉಚಿತ, ಹಳೆಯದರ ಪಕ್ಕದಲ್ಲೇ ಹಾಕಿಕೊಳ್ಳಬಹುದು. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಲ್ಯಾಬಿನ ಯಂತ್ರಗಳಿಗೆ ಅದನ್ನು ಹಾಕಿಸಿಕೊಡಬೇಕೆಂದು ನಮ್ಮ ಕಂಪ್ಯೂಟರ್ ಸರ್ ಅವರಲ್ಲಿ ವಿನಂತಿ. ಅಲ್ಲಿಯವರೆಗೆ ರಜಿಯಾಳ ಉದಾಹರಣೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ, ಯಾರೂ ಒರೆಸಬೇಡಿ.