ದೇಶ ಎಣಿಸಬ್ಯಾಡ್ರಿ, ರಾತ್ರಿ ಎಣಿಸ್ರಿ

ಈಗ ನಮ್ಮ ಓಣ್ಯಾಗ ಎರಡು ಮನಿಗೊಬ್ಬರು ಮಗನೋ ಮಗಳೋ ಜರ್ಮನಿ, ಹಾಲೆಂಡ್ ಅಂತ ಹೋಗಿ ಕೂತಾರ. ಬ್ಯಾಸಗಿ ಸೂಟಿ ಬಂತಂದ್ರ ಇಲ್ಲಿಂದ ಅತ್ತಿ-ಮಾವ, ಅಪ್ಪ-ಅವ್ವ ಹೊಂಡತಾರ. ಅಲ್ಲೆ ಮುಟ್ಟಿದ ಮ್ಯಾಲೆ ಕಾರ್ ಬಾಡಿಗಿ ತಗೊಂಡು ಯುರೋಪ್ ಸುತ್ತೂದು. ಪ್ಲ್ಯಾನ್ ಹೇಳೂ ಮುಂದ ಮೊದಲ ಮಾತು ಹಿಂಗಿರ್ತದ: “ಹನ್ನೆರಡು ದಿನದಾಗ ಏಳು ದೇಶ!” ಮದವಿ ಊಟಕ್ಕ ಎಷ್ಟು ಬಗಿ ಸ್ವೀಟ್ ಮಾಡಿಸಿದ್ವಿ ಅಂತ ಹೇಳಿಕೊಂಡಂಗ ಇದು. ಉಂಡವರ ಹೊಟ್ಟಿ ಹೆಂಗದ ಅಂತ ಯಾರೂ ಕೇಳಂಗಿಲ್ಲ.

ನಾ ಹೇಳೂದು ಇಷ್ಟ. ದೇಶ ಎಣಿಸೂದು ಬಿಡ್ರಿ. ಒಂದೊಂದು ಊರಾಗ ಎಷ್ಟು ರಾತ್ರಿ ಮಲಗ್ತೀರಿ, ಅದನ್ನ ಎಣಿಸ್ರಿ. ಆ ಲೆಕ್ಕ ಹಾಕೂ ಮುಂದ ಮನಿ ಹೆಣ್ಮಕ್ಕಳೂ ಅಲ್ಲೆ ಕೂತಿರಬೇಕು.

ಏಳು ದೇಶದ ಹಾದಿ ಒಮ್ಮೆ ನೋಡೋಣ. ಫ್ರಾಂಕ್‌ಫರ್ಟ್‌ನಿಂದ ಆಮ್‌ಸ್ಟರ್‌ಡ್ಯಾಮ್ ಸುಮಾರು 440 ಕಿಲೋಮೀಟರ್. ಅಲ್ಲಿಂದ ಬೆಲ್ಜಿಯಂ ದಾಟಿ ಪ್ಯಾರಿಸ್ 500. ಪ್ಯಾರಿಸ್‌ನಿಂದ ಝೂರಿಕ್ 650. ಮುಂದ ಗೊಟ್ಟಾರ್ಡ್ ಸುರಂಗ ಹಾಯ್ದು ಮಿಲಾನ್ 280, ವೆನಿಸ್ 270. ವೆನಿಸ್‌ನಿಂದ ಆಸ್ಟ್ರಿಯಾ ದಾಟಿ ಮ್ಯೂನಿಕ್ 550, ಕಡೀಕ ಫ್ರಾಂಕ್‌ಫರ್ಟ್ 400. ಕೂಡಿಸಿದ್ರ ಮೂರು ಸಾವಿರದ ಮ್ಯಾಲಾತು. ಬೆಲ್ಜಿಯಂ, ಆಸ್ಟ್ರಿಯಾ ಎರಡೂ ಕಾರಿನ ಕಿಡಕ್ಯಾಗ ನೋಡಿದ್ದು, ಆದ್ರೂ ಏಳರ ಲೆಕ್ಕಕ್ಕ ಸೇರ್ತಾವ. ಪ್ಯಾರಿಸ್-ಝೂರಿಕ್ ಒಂದ ಹಾದಿ ಧಾರವಾಡ-ಬೆಂಗಳೂರಿನ ಒಂದೂವರೆ ಪಟ್ಟು. ಧಾರವಾಡದಿಂದ ಬೆಂಗಳೂರಿಗೆ ಹೋಗಿ ಇಳಿದ ಮ್ಯಾಲೆ ನಮಗೆಲ್ಲಾ ಹೆಂಗಾಗ್ತದ ಅನ್ನೂದು ಗೊತ್ತದ ಅಲ್ಲ?

ಅಲ್ಲಿ ಕಾಯ್ದೆ ಪ್ರಕಾರ ಲಾರಿ ಡ್ರೈವರ್ ನಾಲ್ಕೂವರೆ ತಾಸು ಗಾಡಿ ಹೊಡೆದ ಮ್ಯಾಲೆ 45 ಮಿನಿಟ್ ವಿಶ್ರಾಂತಿ ತಗೊಳ್ಳಲೇಬೇಕು. ಪಗಾರ ತಗೊಂಡು ಹೊಡೆಯೂ ಮನಷ್ಯಾಗ ಇಷ್ಟು ಕಾಳಜಿ ಮಾಡ್ತಾರ. ಮನಿ ಮಗಗ, ಅಳಿಯಗ ಇಂಥಾ ಕಾಯ್ದೆ ಇಲ್ಲ. ಹಿಂದ ಕೂತವರಿಗಂತೂ ಏನೂ ಇಲ್ಲ. ವಯಸ್ಸಾದ ಹೆಣ್ಮಕ್ಕಳು “ಗಾಡಿ ನಿಲ್ಲಸ್ರಿ” ಅನ್ಲಿಕ್ಕೆ ಸಂಕೋಚ ಮಾಡ್ಕೊಂಡು ಮುಂಜಾನಿಂದ ನೀರ ಕುಡಿಯೂದಿಲ್ಲ. ಸಂಜಿಕೆ ತಲಿಶೂಲಿ, ಕಾಲು ಬಾವು. ಜರ್ಮನಿ ಹೆದ್ದಾರಿ ಮ್ಯಾಲೆ ಭಾಳಷ್ಟು ಕಡೆ ಪಾಯಖಾನೆಗೆ ರೊಕ್ಕ ಕೊಡಬೇಕು, ಚಿಲ್ಲರೆ ನಾಣ್ಯ ಅವರ ಕೈಯಾಗ ಮೊದಲ ಕೊಟ್ಟಿಟ್ರ ಅರ್ಧ ಸಂಕೋಚ ಹೋಗ್ತದ. ಉಳಿದ ಅರ್ಧ ಹೋಗಬೇಕಂದ್ರ ಎರಡು ತಾಸಿಗೊಮ್ಮೆ ನಿಲ್ಲೂದನ್ನ ಯಾರೂ ಕೇಳೂದಕ್ಕಿಂತ ಮೊದಲ ಪ್ಲ್ಯಾನ್‌ದಾಗ ಬರೀಬೇಕು.

“ಮತ್ತ ಮತ್ತ ಹೋಗಲಿಕ್ಕೆ ಆಗ್ತದೇನು? ಹೋದಾಗ ಎಲ್ಲಾ ನೋಡಿ ಬಿಡೂದು” ಅಂತಾರ. ಈ ಮಾತು ಸುಳ್ಳಲ್ಲ. ವಿಮಾನದ ಟಿಕೆಟ್ ತುಟ್ಟಿ, ವೀಸಾಕ್ಕ ಒಬ್ಬರಿಗೆ 90 ಯೂರೋ, ಮ್ಯಾಲೆ ವಿಮಾ. ಒಂದ ಷೆಂಗೆನ್ ವೀಸಾದಾಗ 29 ದೇಶ ತಿರುಗಬಹುದು ಅಂದ್ರ ಯಾರಿಗಾದ್ರೂ ಆಶಾ ಆಗೂದ. ಆದ್ರ ಆ ವೀಸಾ ಕೊಡೂವರ ಲೆಕ್ಕ ನೋಡ್ರಿ. ಯಾವ ದೇಶದಾಗ ಹೆಚ್ಚು ದಿನ ಇರ್ತೀರೋ ಅಲ್ಲಿಯ ವೀಸಾಕ್ಕ ಅರ್ಜಿ ಹಾಕ್ರಿ ಅಂತಾರ. ಅವರೂ ಎಣಿಸೂದು ದಿನಾನ.

ಬ್ಯಾರೆ ಒಂದು ಹಾದಿ ಹೇಳ್ತೀನಿ. ಮ್ಯೂನಿಕ್‌ದಾಗ ಇಳೀರಿ, ಮೂರು ರಾತ್ರಿ. ಅಲ್ಲಿಂದ ಸಾಲ್ಜ್‌ಬರ್ಗ್ ಸುಮಾರು 145 ಕಿಲೋಮೀಟರ್, ಮೂರು ರಾತ್ರಿ. ಇನ್ಸ್‌ಬ್ರುಕ್ 185, ಮೂರು ರಾತ್ರಿ. ಬ್ರೆನ್ನರ್ ಘಾಟ ಇಳಿದು ಇಟಲಿಯ ವೆರೋನಾ 270, ಮೂರು ರಾತ್ರಿ. ವಾಪಸ್ ಬರೂದೊಂದ ಉದ್ದ ಹಾದಿ, 430. ಎಲ್ಲಾ ಕೂಡಿ ಸಾವಿರದ ಸುಮಾರು. ಆಲ್ಪ್ಸ್ ಗುಡ್ಡ ನೋಡಿದ್ರಿ, ಮೋಝಾರ್ಟ್ ಹುಟ್ಟಿದ ಮನಿ ನೋಡಿದ್ರಿ, ಎರಡು ಸಾವಿರ ವರ್ಷದ ರೋಮನ್ನರ ರಂಗಸ್ಥಳ ನೋಡಿದ್ರಿ. ಬ್ಯಾಗ್ ಬಿಚ್ಚಿ ಕಟ್ಟೂದು ನಾಲ್ಕ ಸಲ. ಏಳು ದೇಶದವರು ಎಷ್ಟು ಸಲ ಬಿಚ್ಚಿ ಕಟ್ತಾರ, ಆ ಕಟ್ಟೂ ಕೈ ಯಾರವು ಇರ್ತಾವ, ನಾ ಬ್ಯಾರೆ ಹೇಳಬೇಕಾಗಿಲ್ಲ.

ದೇಶ ಹೆಚ್ಚಾದಂಗ ನೇಮಾನೂ ಹೆಚ್ಚು. ಜರ್ಮನಿ ಹೆದ್ದಾರಿಗೆ ಕಾರಿನವರು ಟೋಲ್ ಕೊಡೂ ಹಂಗಿಲ್ಲ. ಆಸ್ಟ್ರಿಯಾದಾಗ ವಿನ್ಯೆಟ್ ಅನ್ನೂ ಪಾಸ್ ಬೇಕು, ಬ್ರೆನ್ನರ್ ಹಾದಿಗೆ ಬ್ಯಾರೆ ಟೋಲ್. ಸ್ವಿಟ್ಜರ್ಲೆಂಡ್‌ದಾಗ ಆ ಪಾಸ್ ವರ್ಷದ್ದೊಂದ ಸಿಗ್ತದ, 40 ಫ್ರಾಂಕ್. ಒಂದ ರಾತ್ರಿ ಮಲಗಿ ಎದ್ದು ಹೋದ್ರೂ ವರ್ಷದ ರೊಕ್ಕ. ಇಟಲಿಯ ಹಳೆ ಊರುಗಳ ನಡುವಿನ ಓಣಿಗೆ ಹೊರಗಿನ ಗಾಡಿ ಬಿಡೂದಿಲ್ಲ. ಕ್ಯಾಮೆರಾ ಫೋಟೋ ಹೊಡಕೊಂಡಿರ್ತದ, ದಂಡದ ಕಾಗದ ತಿಂಗಳಾನುಗಟ್ಟಲೆ ಆದ ಮ್ಯಾಲೆ ಬರ್ತದ. ವೆರೋನಾದಾಗೂ ಹಂಗ, ಗಾಡಿ ಹೊರಗ ನಿಲ್ಲಿಸಿ ನಡಕೊಂಡು ಹೋಗ್ರಿ.

ಇನ್ನ ಅಡಗಿ ಮಾತು. “ಅಪಾರ್ಟ್‌ಮೆಂಟ್ ಬುಕ್ ಮಾಡೀವಿ, ಅಡಗಿಮನಿ ಅದ” ಅಂತ ಖುಷಿಲೆ ಹೇಳ್ತಾರ. ಅಡಗಿಮನಿ ಅದ, ಖರೇ. ಅಡಗಿ ಮಾಡೂವರು ಯಾರು? ಸೊಸಿ ಧಾರವಾಡದಾಗ ಮಾಡಿದ್ದನ್ನ ಸಾಲ್ಜ್‌ಬರ್ಗ್‌ದಾಗ ಮಾಡಿದ್ರ ಆಕಿಗೆ ಸೂಟಿ ಎಲ್ಲೆ ಸಿಕ್ತು? ಮುಂಜಾನೆ ನಾಷ್ಟಾ ಗಂಡಸರು, ಮಧ್ಯಾಹ್ನ ಹೊರಗ, ರಾತ್ರಿ ಅನ್ನ-ಸಾರು ಎಲ್ಲಾರೂ ಕೂಡಿ, ಹಿಂಗ ಹೊಂಡೂದಕ್ಕಿಂತ ಮೊದಲ ಗಟ್ಟಿ ಮಾಡ್ಕೋರಿ. ಜರ್ಮನಿ, ಆಸ್ಟ್ರಿಯಾದಾಗ ರವಿವಾರ ಕಿರಾಣಿ ಅಂಗಡಿ ಹೆಚ್ಚೂಕಡಿಮಿ ಎಲ್ಲಾ ಬಂದ್, ಶನಿವಾರ ಸಂತಿ ಮುಗಿಸಿ ಇಡಬೇಕು. ಇಲ್ಲಿಂದ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ರಿ. ತುಪ್ಪದ ಡಬ್ಬಿ ಬ್ಯಾಡ, ಹೊರಗಿನಿಂದ ಹಾಲಿನ ಪದಾರ್ಥ ಒಳಗ ಬಿಡೂದಿಲ್ಲ. ಕಟ್ಟಾ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಇಟಲಿಯ ಪಾರ್ಮೆಸಾನ್ ಚೀಸ್ ಮಾಡಲಿಕ್ಕೆ ಕರುವಿನ ಹೊಟ್ಟೆದಿಂದ ತಗದ ಹೆಪ್ಪು ಹಾಕ್ತಾರ. ಪಾಸ್ತಾದ ಮ್ಯಾಲೆ ಉದುರಿಸೂದಕ್ಕಿಂತ ಮೊದಲ ಬ್ಯಾಡಂತ ಹೇಳ್ರಿ.

ಕಡೀ ಮಾತು ಲೈಸನ್ಸ್ ಇದ್ದ ಹೆಣ್ಮಕ್ಕಳಿಗೆ. ಇಲ್ಲಿ ಸ್ಕೂಲು, ಸಂತಿ, ದವಾಖಾನಿ ಎಲ್ಲಾ ಕಡೆ ಕಾರ್ ಹೊಡೀತೀರಿ. ಅಲ್ಲಿ ಮಾತ್ರ ಹಿಂದಿನ ಸೀಟಿನಾಗ ಚಕ್ಕುಲಿ ಡಬ್ಬಿ ಹಿಡಕೊಂಡು ಯಾಕ ಕೂಡಬೇಕು? ಆರ್‌ಟಿಓದಾಗ ಅಂತರರಾಷ್ಟ್ರೀಯ ಪರ್ಮಿಟ್ ನಿಮ್ಮ ಹೆಸರಿಲೆ ತಗಸ್ರಿ, ಒಂದು ವರ್ಷ ನಡೀತದ, ನಮ್ಮ ಲೈಸನ್ಸ್ ಜೋಡಿ ಇಟ್ಕೋಬೇಕು. ಬಾಡಿಗಿ ಕಾಗದದಾಗ ಎರಡನೇ ಡ್ರೈವರ್ ಅಂತ ನಿಮ್ಮ ಹೆಸರು ಬರಸ್ರಿ, ಜಾಸ್ತಿ ರೊಕ್ಕ ಬಿದ್ರೂ ಬೀಳಲಿ. ಒಬ್ಬರಿಗೆ ನಿದ್ದಿ ಬಂದ್ರ ಇನ್ನೊಬ್ಬರು ಇರ್ತಾರ, ಇದು ಇಡೀ ಮನಿಮಂದಿ ಜೀವದ ಮಾತು. ಮತ್ತ ಸ್ಟೇರಿಂಗ್ ಹಿಡಿದವರ ಮಾತು ಪ್ಲ್ಯಾನ್‌ದಾಗೂ ನಡೀತದ.

ಮುಂದಿನ ಸಲ ಯಾರರ “ಎಷ್ಟು ದೇಶ ಆದ್ವು ವೈನಿ?” ಅಂತ ಕೇಳಿದ್ರ “ಮೂರ” ಅಂತ ಅನ್ರಿ, ಏನೂ ಕಮ್ಮಿ ಆಗೂದಿಲ್ಲ.